ತುಟಿಯಲ್ಲಷ್ಟೇ ಹಾಡುವವರು

ಹಿಟ್ಟಿನ ಗಿರಣಿಯ ಗಡಗಡ ಸದ್ದಿಗೆ ಅತ್ತೆಯ ಎರಡೂ ಕಿವಿ ಯಾವತ್ತೋ ಹೋಗಿದ್ದವು. ಬಾಯಿ ಮಾತ್ರ ಗಟ್ಟಿಯಾಗಿತ್ತು. ಸೊಸೆಗೆ ಗುಟ್ಟು ಹೇಳಿದರೆ ಪಕ್ಕದ ಬೀದಿಯವರು ಉತ್ತರ ಕೊಡುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಗಿರಣಿಯಮ್ಮ. ಅವಳು ಯೇಸುವನ್ನು ನಂಬಿದವಳೆಂದು ಗೊತ್ತಾದ ಮೇಲೆ ಜನ ಹಿಟ್ಟು ಬೀಸಿಸಲು ಬೇರೆ ಕಡೆ ಹೋದರು, ಎದುರು ಸಿಕ್ಕರೆ ಮುಖ ತಿರುಗಿಸಿದರು. ಅತ್ತೆ ಮಾತ್ರ ಮೊದಲಿನಂತೆಯೇ ಅವರನ್ನು ಊಟ ಆಯಿತಾ ಎಂದು ಕೂಗಿ ಕೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ದರ್ಜಿಯ ಮನೆಯ ಹಿಂದಿನ ಕೋಣೆಯಲ್ಲಿ ಪ್ರಾರ್ಥನೆ. ಕಿಟಕಿಗೆ ಕಂಬಳಿ. ಮುಂದಿನ ಕೋಣೆಯಲ್ಲಿ ದರ್ಜಿಯ ಹೆಂಡತಿ ಬೇಕೆಂದೇ ಹೊಲಿಗೆ ಮಿಷಿನ್ ತುಳಿಯುತ್ತಿದ್ದಳು. ಹಾಡನ್ನು ತುಟಿಯಲ್ಲಷ್ಟೇ ಹಾಡಬೇಕು, ಗಂಟಲು ಅಲುಗಕೂಡದು. ದೇವರ ಹೆಸರನ್ನು ಕದ್ದ ಮಾಲಿನಂತೆ ಬಚ್ಚಿಡಬೇಕಾದ ಕಾಲಕ್ಕೆ ಏನನ್ನುವುದು. ತಾನೂ ತುಟಿಯಲ್ಲೇ ಹಾಡುತ್ತಿದ್ದೇನೆಂದು ಅತ್ತೆಯ ನಂಬಿಕೆ. ಅವಳ ಸ್ವರ ಏರಿದ ಕೂಡಲೇ ಮೊಣಕಾಲು ಅದುಮುವುದು ಸೊಸೆಯ ಕೆಲಸ.

ಬೀದಿಯ ಮುಖಂಡ ಮೊದಲೇ ಹೇಳಿದ್ದ: "ಇನ್ನೊಂದ್ಸಲ ಹಾಡು ಕೇಳಿಸಿದ್ರೆ, ಹಾಡಿದವರನ್ನ ಕರ್ಕೊಂಡು ಹೋಗ್ತೀವಿ." ಹಾಗೆ ಕರೆದುಕೊಂಡು ಹೋದ ಬಡಗಿ ಇನ್ನೂ ಮನೆಗೆ ಬಂದಿರಲಿಲ್ಲ.

"ಅಮ್ಮನ್ನ ಮನೇಲೇ ಬಿಟ್ಟು ಬಾ ತಾಯಿ," ಎಂದ ದರ್ಜಿ.

"ಅವರಿಗೆ ಇರೋದು ಇದೊಂದೇ ಅಣ್ಣ. ನಾನು ನೋಡ್ಕೋತೀನಿ," ಎಂದಳು ಸೊಸೆ.

ಆ ಭಾನುವಾರ ಶುರುವಾದದ್ದು ಸೊಸೆಯ ಗಂಡನನ್ನು, ಅತ್ತೆಯ ಮಗನನ್ನು, ಮಣ್ಣು ಮಾಡುವಾಗ ಹಾಡಿದ್ದ ಹಾಡು. ಅತ್ತೆ ಕಣ್ಣು ಮುಚ್ಚಿದಳು. ಸ್ವರ ಮೇಲೆದ್ದಿತು. ಸೊಸೆಯ ಕೈ ಮೊಣಕಾಲಿನವರೆಗೆ ಹೋಗಿ ಅಲ್ಲೇ ನಿಂತಿತು. ಹೆತ್ತ ಹೊಟ್ಟೆ, ಒಂದು ಸಾಲು ಹಾಡಿಕೊಳ್ಳಲಿ ಅನ್ನಿಸಿತು ಅವಳಿಗೆ. ಸಾಲು ಮುಗಿದ ಮೇಲೆ ಅದುಮಿದಳು. ಅತ್ತೆ ಸುಮ್ಮನಾಗಿ, ತಲೆ ಬಗ್ಗಿಸಿ ಪ್ರಾರ್ಥನೆಗೆ ಕೂತಳು.

ಮುಂದಿನ ಕೋಣೆಯಲ್ಲಿ ಮಿಷಿನ್ ನಿಂತಿತು. ಬಾಗಿಲಲ್ಲಿ ಮುಖಂಡ, ಅವನ ಹಿಂದೆ ಅವನ ಜನ.

"ಯಾರು ಹಾಡಿದ್ದು?"

ಸೊಸೆ ಎದ್ದು ನಿಂತಳು. "ನಾನು."

ಅವನು ಅವಳ ತೋಳು ಹಿಡಿದ. "ಹೌದಾ? ಹಾಡು ನೋಡೋಣ."

ಇಷ್ಟು ವರ್ಷ ತುಟಿ ಮಾತ್ರ ಆಡಿಸಿದವಳಿಗೆ ತನ್ನ ಸ್ವರ ಹೇಗಿದೆಯೆಂದೇ ಗೊತ್ತಿರಲಿಲ್ಲ. ಆದರೂ ಹಾಡಿದಳು. ರಾಗ ಎಲ್ಲೆಲ್ಲೋ ಹೋಯಿತು, ನಿಲ್ಲಿಸಲಿಲ್ಲ.

ತಲೆ ಎತ್ತಿದ ಅತ್ತೆಗೆ ಕಂಡದ್ದು ಸೊಸೆಯ ತುಟಿ. ಹಾಡು ಇನ್ನೂ ಮುಗಿದಿಲ್ಲವೆಂದುಕೊಂಡು ಮತ್ತೆ ಕಣ್ಣು ಮುಚ್ಚಿದಳು. ತುಟಿಯಲ್ಲೇ ಹಾಡುತ್ತಿದ್ದೇನೆಂದುಕೊಂಡು, ಕೋಣೆಯೆಲ್ಲ ತುಂಬುವಂತೆ ಹಾಡಿದಳು.

ಮುಖಂಡ ಸೊಸೆಯ ತೋಳು ಬಿಟ್ಟು ಅತ್ತೆಯ ಕಡೆ ನಡೆದ.