ಗದ್ದಿಗೆ ಕಂಬಳಿಗೆ ಮುಟ್ಟಿಸಿದ ಕಡ್ಡಿ

ಹಳೆಯ ಬಟ್ಟೆಯ ಯೋಗ್ಯತೆ ಹೇಳುವುದರಲ್ಲಿ ಇಡೀ ಶಿರಾದಲ್ಲಿ ನನ್ನ ಸಮ ಯಾರೂ ಇಲ್ಲವೆಂದು ಮೆರೆಯುತ್ತಿದ್ದೆ. ಪೀತಾಂಬರವೋ ಜಮಖಾನವೋ, ಅಪ್ಪನ ಅಂಗಡಿಗೆ ಏನು ತಂದರೂ ಎರಡು ಬೆರಳಲ್ಲಿ ಹೊಸಕಿ ಅದರ ವಯಸ್ಸು ಹೇಳುತ್ತಿದ್ದೆ. ಅಮಲ್ದಾರರ ಮನೆಯಿಂದಲೂ ಹೇಳಿ ಕಳಿಸುತ್ತಿದ್ದರು. ಕೊಬ್ಬಿಗೆ ಇನ್ನೇನು ಬೇಕು?

ಒಂದು ಮಧ್ಯಾಹ್ನ ಹುಲಿಕುಂಟೆ ಕಡೆಯ ಮುದುಕಿಯೊಬ್ಬಳು ಕರಿ ಕಂಬಳಿಯ ಗಂಟು ಹೊತ್ತು ಬಂದಳು. ಅದು ಅವರ ಮನೆತನದ ಗದ್ದಿಗೆ ಕಂಬಳಿ. ಮದುವೆಗೂ ನ್ಯಾಯಕ್ಕೂ ಅದನ್ನೇ ಹಾಸಬೇಕು. ಹಿರಿಯ ಸೊಸೆಯೆಂದು, ಗಂಡ ಸತ್ತ ಮೇಲೂ ಅವಳೇ ಅದನ್ನು ಕಾಯುತ್ತಿದ್ದಳು. ಅತ್ತಿಗೆ ಹಳೆಯದನ್ನು ಮಾರಿ ಸಂತೆಯ ಹತ್ತಿ ಬೆರಕೆಯದನ್ನು ಇಟ್ಟಿದ್ದಾಳೆ ಎಂದು ಈಗ ಅವಳ ಮೈದುನ ಊರೆಲ್ಲ ಸಾರಿದ್ದ.

"ಕಳ್ಳಿ ಅನ್ನಿಸ್ಕಂಡು ಸಾಯಾಕಾಗಲ್ಲ ಕಣಪ್ಪ. ನೀನು ನೋಡು, ನಾಳೀಕೆ ಬಂದು ಹಿರೀರ ಮುಂದೆ ಹೇಳು."

ಮುಟ್ಟಿದ ಕೂಡಲೇ ಗೊತ್ತಾಯಿತು: ಅಪ್ಪಟ ಕುರಿಯುಣ್ಣೆ, ಮೂರು ತಲೆಮಾರಿನದು. ಅಷ್ಟಕ್ಕೇ ಬಿಡಬಾರದಿತ್ತೇ ನನ್ನ ಕೈ! ಅಂಗಡಿಯ ಅಭ್ಯಾಸ, ಕಡ್ಡಿ ಗೀರಿ ಅಂಚಿನ ಎಳೆಗೆ ಮುಟ್ಟಿಸಿಬಿಟ್ಟೆ. ಕೂದಲು ಸುಟ್ಟ ವಾಸನೆ ಬಂತು.

"ನೋಡಜ್ಜಿ, ಹತ್ತಿ ಆಗಿದ್ರೆ ಈ ವಾಸ್ನೆ ಬರ್ತಿರ್ಲಿಲ್ಲ" ಎಂದು ನಕ್ಕೆ.

ಅವಳು ಎದೆ ಬಡಿದುಕೊಂಡಳು. "ಅಯ್ಯೋ, ಬೆಂಕಿ ತೋರ್ಸ್ಬುಟ್ಯಲ್ಲಪ್ಪಾ! ಬೆಂಕಿ ಮುಟ್ಟಿದ್ದನ್ನ ಗದ್ದಿಗೆಗೆ ಹಾಸಂಗಿಲ್ಲ!"

ನನಗೂ ಗೊತ್ತಿದ್ದ ಮಾತೇ. "ಒಂದೆಳೆ ತಾನೆ ಅಜ್ಜಿ, ಕತ್ತರಿಸಿ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದೆ. ಅವಳು ಗಂಟು ಕಟ್ಟಿಕೊಂಡು ಹೋದಳು.

ಮರುದಿನ ಅವಳ ಊರಿಗೆ ಹೋದೆ. ಕಂಬಳಿ ಅಪ್ಪಟ, ಹಳೆಯದು ಎಂದು ಹಿರಿಯರ ಮುಂದೆ ಹೇಳಿದೆ.

"ಹೆಂಗೆ ಕಂಡುಹಿಡುದ್ರಿ?" ಎಂದ ಮೈದುನ.

"ಬೆರಳಲ್ಲಿ ಮುಟ್ಟಿ ನೋಡಿದೆ" ಎಂದೆ. ಅವಳನ್ನು ಉಳಿಸಲು ಹೇಳಿದೆ ಎಂದುಕೊಂಡೆ. ಸುಳ್ಳು, ನನ್ನನ್ನು ಉಳಿಸಿಕೊಳ್ಳಲು.

ಮುದುಕಿ ಎದ್ದು ನಿಂತಳು. "ಇದಕ್ಕೆ ಬೆಂಕಿ ಮುಟ್ಟೈತೆ. ಅಂಗಡಿಗೆ ಹೊತ್ಕಂಡು ಹೋದೋಳು ನಾನು, ತಪ್ಪು ನಂದೇ. ಇನ್ನ ಗದ್ದಿಗೆಗೆ ಬರಲ್ಲ."

ಮೈದುನ ಅಂಚನ್ನು ಮೂಸಿ ನೋಡಿ, ಉಣ್ಣೆಯೇ ಎಂದು ತಿಳಿದು ತಲೆ ತಗ್ಗಿಸಿದ. ಇಷ್ಟು ಹೇಳುವವಳು ಕದ್ದಾಳೇ ಎಂದರು ಹಿರಿಯರು. ಹೊಸ ಕಂಬಳಿ ನೇಯಿಸಿ ಕಿರಿಯವನಾದ ಮೈದುನನ ಮನೆಯಲ್ಲಿಡಬೇಕೆಂದೂ ತೀರ್ಮಾನಿಸಿದರು. ಕಾಯಲಾಗದವಳ ಕೈಗೆ ಮತ್ತೆ ಕೊಡುವಂತಿಲ್ಲವಲ್ಲ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕಡ್ಡಿ ಗೀರಿದವನು ನಾನು ಎಂದು ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ.