ಕೋಗಿಲಿನ ಮನೆಗಾಡಿ

ಕೋಗಿಲಿನ ಹಳೇ ಮನೆತನಗಳಲ್ಲಿ ಯಾರಾದರೂ ದೂರದ ಪ್ರಯಾಣ ಹೊರಟರೆ ಮೊದಲು ಅಣ್ಣತಮ್ಮಂದಿರ ಮನೆಗಳಿಗೆ ಹೋಗಿ, ಇಂಥ ಕಡೆ ಹೊರಟಿದ್ದೀವಿ ಅಂತ ಹೇಳಿ ಬರಬೇಕು. ಹೇಳದೆ ಹೋದರೆ ಆ ಮುನಿಸು ಮೊಮ್ಮಕ್ಕಳ ಕಾಲಕ್ಕೂ ಇಳಿಯುವುದಿಲ್ಲ. ಹೇಳಿದರೆ ‘ಹೌದಾ, ನಾವೂ ಬರ್ತೀವಿ’ ಅನ್ನುತ್ತಾರೆ. ನಾನು ಜಮಖಂಡಿ ಕಡೆಯವನು. ಯಲಹಂಕದ ಕಾಲೇಜಿನಲ್ಲಿ ಪಾಠ ಹೇಳಲು ಬಂದವನು ಅನಂತರಾಜು ಮನೆಯ ಮಹಡಿಯಲ್ಲಿ ಬಾಡಿಗೆಗೆ ಸೇರಿ, ತಲೆ ಬೆಳ್ಳಗಾಗುವವರೆಗೂ ಅಲ್ಲೇ ಉಳಿದುಬಿಟ್ಟೆ. ಈ ಹೇಳಿ ಹೋಗುವ ಪದ್ಧತಿಯನ್ನು ಬಂದ ವರ್ಷದಿಂದಲೇ ಬೈಯುತ್ತಿದ್ದೇನೆ. ನಾನು ಬೈದರೆ ಅನಂತರಾಜು ನಗುತ್ತಿದ್ದ, ನಕ್ಕು ಮತ್ತೆ ಹೇಳಲು ಹೋಗುತ್ತಿದ್ದ.

ಮನೆ ಮಾಲೀಕನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಅಷ್ಟು ಸಲುಗೆ. ಅವರದು ದ್ರಾಕ್ಷಿ ಬೆಳೆಯುತ್ತಿದ್ದ ಮನೆ. ತೋಟವೆಲ್ಲ ಸೈಟುಗಳಾಗುವ ಮುಂಚೆ ಅವನು ಮನೆಯ ದ್ರಾಕ್ಷಿಯನ್ನೂ ಊರವರ ತರಕಾರಿಯನ್ನೂ ಟೆಂಪೊದಲ್ಲಿ ಹೇರಿಕೊಂಡು ಯಶವಂತಪುರದ ಮಾರ್ಕೆಟ್ಟಿಗೆ ಹೊಡೆಯುತ್ತಿದ್ದ. ಒಳ್ಳೆಯವನು. ಅವನ ಒಳ್ಳೆಯತನ ಕಂಡರೆ ನನಗೆ ಮೈ ಉರಿಯುತ್ತದೆ, ಯಾಕೆಂದರೆ ‘ಇಲ್ಲ’ ಅನ್ನುವ ಒಂದು ಮಾತು ಅವನ ಬಾಯಲ್ಲಿ ಹುಟ್ಟಲೇ ಇಲ್ಲ.

ಅವನ ಹೆಂಡತಿ ಗಂಗರತ್ನಮ್ಮ. ಮದುವೆಯಾಗಿ ಬಂದಾಗಿನಿಂದ ಅತ್ತೆ ಮಾವ, ಹಸು ಕರು, ದ್ರಾಕ್ಷಿ ಚಪ್ಪರ, ಭಾವನ ಮಕ್ಕಳು ಅಂತ ಅವರಿಗೆ ತಲೆ ಎತ್ತಲು ಪುರಸೊತ್ತಿರಲಿಲ್ಲ. ಊರು ಬಿಟ್ಟು ಹೋಗಿದ್ದೆಂದರೆ ಟೆಂಪೊದ ಮುಂದೆ ಕೂತು ಮಾರ್ಕೆಟ್ಟಿನವರೆಗೆ ಹೋಗಿದ್ದು. ಹೆಬ್ಬಾಳದ ಕೆರೆ ಬಂದಾಗಲೆಲ್ಲ ‘ಸಮುದ್ರ ಇದಕ್ಕಿಂತ ದೊಡ್ಡದಾ?’ ಅಂತ ಕೇಳುತ್ತಿದ್ದರಂತೆ. ‘ಒಂದಿನ ತೋರಿಸ್ತೀನಿ ಬಿಡು’ ಅಂತ ಇವನು ಗೇರು ಬದಲಾಯಿಸುತ್ತಿದ್ದನಂತೆ. ಆ ಒಂದು ದಿನ ಬರುವುದರೊಳಗೆ ಮಗಳು ನಯನಾ ಮದುವೆ ವಯಸ್ಸಿಗೆ ಬಂದಳು.

ಗಂಗರತ್ನಮ್ಮನ ಸಕ್ಕರೆ ಕಾಯಿಲೆ ಕಣ್ಣಿಗಿಳಿದಾಗಲೇ ಅವನು ಎಚ್ಚೆತ್ತಿದ್ದು. ಹೆಬ್ಬಾಳದ ಕಣ್ಣಿನ ಡಾಕ್ಟರು ಇಂಜೆಕ್ಷನ್ ಶುರು ಮಾಡಿ, ಅವನನ್ನು ಪಕ್ಕಕ್ಕೆ ಕರೆದು, ಪ್ರಯತ್ನ ಮಾಡೋಣ, ಆದರೆ ಖಾತ್ರಿ ಹೇಳಲಾರೆ, ಅವರಿಗೆ ಏನಾದರೂ ನೋಡುವ ಆಸೆ ಇದ್ದರೆ ತಡ ಮಾಡಬೇಡಿ ಅಂದರು. ಅವತ್ತು ಅನಂತರಾಜು ಮಹಡಿ ಹತ್ತಿ ಬಂದು ನನ್ನ ಕುರ್ಚಿಯಲ್ಲಿ ಕುಸಿದ.

‘ಮೇಷ್ಟ್ರೇ, ಅವಳ್ಗೆ ಸಮುದ್ರ ತೋರಿಸ್ಬೇಕು. ನಾವಿಬ್ರೇ ಹೋಗ್ಬೇಕು. ದಾರೀಲಿ ಅವಳು ಯಾರಿಗೂ ಅಡಿಗೆ ಮಾಡ್ಬಾರ್ದು.’

‘ಅಲ್ರೀ, ಅದಕ್ಯಾಕ ಇಷ್ಟ್ ಚಿಂತಿ? ಯಶವಂತಪುರದಾಗ ರೈಲು ಹತ್ರಿ, ಮುಂಜಾನಿಗೆ ಕಾರವಾರ,’ ಅಂದೆ.

ರೈಲು ಆಗುವುದಿಲ್ಲ ಅಂದ. ಗಂಗರತ್ನಮ್ಮನಿಗೆ ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಬೇಕು, ಹೊತ್ತಿಗೆ ಸರಿಯಾಗಿ ಪಥ್ಯದ ಊಟ ಬೇಕು, ಬಸ್ಸು ಕಂಡರೆ ವಾಂತಿ. ಅವನ ತಲೆಯಲ್ಲಿ ಬೇರೆಯೇ ಒಂದು ಚಿತ್ರ ಕೂತಿತ್ತು. ನಯನಾ ತನ್ನ ಮೊಬೈಲಿನಲ್ಲಿ ಎಂದೋ ತೋರಿಸಿದ್ದಳು: ಮಂಚ, ಒಲೆ, ಬಚ್ಚಲು ಎಲ್ಲ ಇರುವ ಗಾಡಿ, ಗಂಡ ಹೆಂಡತಿ ಅದರಲ್ಲೇ ದೇಶ ಸುತ್ತುತ್ತಾರೆ. ‘ಇದಕ್ಕೆ ಆರ್‌ವಿ ಅಂತಾರಪ್ಪಾ’ ಅಂದಿದ್ದಳು. ಶಾಲೆಯೊಂದು ಮಾರಿದ ಹಳೇ ಮಿನಿಬಸ್ಸನ್ನು ಕೊಂಡು ಅನಂತರಾಜು ಶೆಟ್ಟಿಹಳ್ಳಿಯ ಮುಬಶ್ಶಿರ್ ಎಂಬವನ ಗ್ಯಾರೇಜಿಗೆ ಒಯ್ದು ಬಿಟ್ಟ. ಬೇಸಿಗೆಯೆಲ್ಲ ಅಲ್ಲೇ ಬಿದ್ದಿದ್ದ. ಅಡಿಗೆ ಕಟ್ಟೆಯ ಎತ್ತರಕ್ಕೆ ಹೆಂಡತಿಯ ಮೊಣಕೈ ಅಳತೆ ಕೊಟ್ಟ. ಒಲೆಯ ಮುಂದೆ ನಿಂತರೂ ಕಾಣಲಿ ಅಂತ ದೊಡ್ಡ ಕಿಟಕಿ ಇಡಿಸಿದ. ಊರವರು ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟರು. ಹೆಂಡ್ತಿ ಮನೆ ಬಿಟ್ಟು ಬರಲ್ಲ ಅಂದ್ಲು, ಅದಕ್ಕೆ ಮನೇನೇ ಎತ್ಕೊಂಡು ಹೊರಟವ್ನೆ ಅಂತ ಟೀ ಅಂಗಡಿಯಲ್ಲಿ ಆಡಿಕೊಂಡರು.

ಇಬ್ಬರೇ ಯಾಕೆ ಹೋಗಬೇಕು ಅನ್ನುವುದನ್ನು ಮಾತ್ರ ಅವನು ಯಾರಿಗೂ ಹೇಳುವಂತಿರಲಿಲ್ಲ. ಕಣ್ಣಿನ ವಿಷಯ ಹೊರಗೆ ಬಿಡಬಾರದು ಅಂತ ಗಂಗರತ್ನಮ್ಮ ಆಣೆ ಹಾಕಿಸಿಕೊಂಡಿದ್ದರು. ನಯನಾಗೆ ಹೊಸಕೋಟೆ ಕಡೆಯ ಸಂಬಂಧ ಮಾತಾಡುತ್ತಿದ್ದರು. ತಾಯಿಗೆ ಕಣ್ಣು ಹೋಗುವಂಥ ಕಾಯಿಲೆ ಅಂತ ಗೊತ್ತಾದರೆ ಮಗಳಿಗೂ ಬಂದೀತು ಅಂತ ಅವರು ಹಿಂದೆ ಸರಿದಾರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಇದು ಸುಳ್ಳೂ ಅಲ್ಲ, ಸುಮ್ಮನಿರುವುದಷ್ಟೇ ಅಂದಿದ್ದರು. ನಯನಾಗೂ ಪೂರ್ತಿ ಗೊತ್ತಿರಲಿಲ್ಲ. ಹೊರಗಿನವನಾದ ನನಗೊಬ್ಬನಿಗೆ ಗೊತ್ತಿತ್ತು.

ಗಾಡಿ ಮನೆಗೆ ಬಂದ ದಿನ ಅದರೊಳಗೇ ಹಾಲು ಉಕ್ಕಿಸಿದರು. ಎಲ್ಲರಿಗಿಂತ ಮೊದಲು ಒಳಗೆ ಹತ್ತಿದವರು ಅನಂತರಾಜುವಿನ ಅಣ್ಣ ದೊಡ್ಡಮುನಿಯಪ್ಪ. ಆ ಮನೆತನಕ್ಕೆ ಅವರು ಹೇಳಿದ್ದೇ ಕಾನೂನು. ಮಂಚದ ಮೇಲೆ ಉದ್ದಕ್ಕೆ ಮಲಗಿ ಮೆತ್ತೆ ಪರೀಕ್ಷೆ ಮಾಡಿದರು.

‘ಅನಂತ, ವಸ ಗಾಡಿ ಕಣ್ಲಾ. ಮೊದ್ಲು ಮನೆದೇವ್ರು. ಆಮ್ಯಾಕೆ ಎಲ್ಲಿಗಾನ ಓಗು.’

ಅದು ತಪ್ಪೆಂದು ನಾನೂ ಹೇಳಲಾರೆ. ಆದರೆ ಇಬ್ಬರಿಗೆಂದು ಕಟ್ಟಿಸಿದ ಗಾಡಿಯಲ್ಲಿ ಹನ್ನೊಂದು ಜನ ಕೋಲಾರದ ಕಡೆಯ ಮನೆದೇವರಿಗೆ ಹೋದರು. ಮುಬಶ್ಶಿರ್ ಅಷ್ಟು ಮುತುವರ್ಜಿಯಿಂದ ಮಾಡಿದ್ದ ಬಚ್ಚಲನ್ನು ಕಂಡು ದೊಡ್ಡಮುನಿಯಪ್ಪನವರ ಹೆಂಡತಿ, ಒಲೆಯ ಪಕ್ಕದಲ್ಲಿ ಇದೇನು ಅನಾಚಾರ ಅಂತ ಮೂಗು ಮುಚ್ಚಿಕೊಂಡು, ಅದರೊಳಗೆ ಅಕ್ಕಿ ಮೂಟೆ ತೆಂಗಿನಕಾಯಿ ಇಡಿಸಿ ಬಾಗಿಲು ಹಾಕಿಸಿದರು. ಹೊಳೆ ಇರುವಾಗ ಬಚ್ಚಲು ಯಾತಕ್ಕೆ ಅಂದರಂತೆ. ಹೊಳೆ ಎಲ್ಲಿತ್ತೋ ದೇವರಿಗೇ ಗೊತ್ತು. ಗಂಗರತ್ನಮ್ಮ ಎಲ್ಲಿ ನಿಂತು ಮುದ್ದೆ ತಿರುವಬಾರದೆಂದು ಗಾಡಿ ಮಾಡಿಸಿದ್ದೋ, ಅಲ್ಲೇ ನಿಂತು ಹನ್ನೊಂದು ಜನಕ್ಕೆ ಮುದ್ದೆ ತಿರುವಿದರು. ಹಾಗಿದ್ದರೂ ನಗುತ್ತಲೇ ಬಂದರು ಅನ್ನಿ. ಬಾಗಿಲು ತೆಗೆದಿಟ್ಟುಕೊಂಡು ಗಾಳಿಗೆ ಕೂತು ಹಾಡು ಹೇಳಿದರಂತೆ. ಅವರು ಹಾಡುತ್ತಾರೆಂದೇ ನನಗೆ ಆವರೆಗೆ ಗೊತ್ತಿರಲಿಲ್ಲ.

ಆಮೇಲೆ ಗಂಗರತ್ನಮ್ಮನ ತವರಿನವರನ್ನೂ ಗಾಡಿಯಲ್ಲಿ ಒಂದು ಸುತ್ತು ಕೂರಿಸಬೇಕಾಯಿತು. ನಡುವೆ ಇಂಜೆಕ್ಷನ್ನುಗಳು. ದಸರಾ ಕಳೆದ ಮೇಲೆ ಕೊನೆಗೂ ಸಮುದ್ರಕ್ಕೆ ಹೊರಡುವುದೆಂದಾಯಿತು. ‘ಈ ಸಲ ಹೇಳಬ್ಯಾಡ್ರೀ, ಕೈ ಮುಗಿತೀನಿ,’ ಅಂದೆ. ‘ಹೇಳ್ದೇ ಹೆಂಗ್ ಹೋಗೋದು ಮೇಷ್ಟ್ರೇ’ ಅಂತ ಅವನು ಅಣ್ಣ ಮನೆಯಲ್ಲಿರದ ಹೊತ್ತು ನೋಡಿ ಹೋದ. ಅಣ್ಣ ಜಗಲಿಯಲ್ಲೇ ಕಾಲು ಚಾಚಿ ಕೂತಿದ್ದರು.

‘ಧರ್ಮಸ್ಥಳ ಅದೇ ದಾರೀಲೇ ಐತಲ್ಲ. ನಾನೂ ನಿಮ್ಮತ್ಗೇನೂ ಬತ್ತೀವಿ. ಒಳ್ಳೇದೇ ಆಯ್ತು.’

ಶಿರಾಡಿ ಘಾಟಿ ಇಳಿದು, ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ, ಇನ್ನು ಸಮುದ್ರ ಎರಡು ಗಂಟೆಯ ದಾರಿ ಅನ್ನುವಾಗ ಕೋಗಿಲಿನಿಂದ ಫೋನು ಬಂತು. ದಾಯಾದಿ ಮುದುಕರೊಬ್ಬರು ತೀರಿಕೊಂಡಿದ್ದರು. ತುಂಬು ವಯಸ್ಸಿನವರು, ಎಷ್ಟೋ ಕಾಲದಿಂದ ಹಾಸಿಗೆ ಹಿಡಿದವರು. ಆದರೂ ಅಣ್ಣತಮ್ಮಿಕೆ, ಸೂತಕ.

‘ತಿರುಗ್ಸು ಗಾಡೀನ,’ ಅಂದರು ದೊಡ್ಡಮುನಿಯಪ್ಪ. ‘ಇವತ್ತು ಅವ್ನ ಮಣ್ಗೆ ನಾವು ಓಗ್ದಿದ್ರೆ ನಾಳೀಕೆ ನಮ್ ಮಣ್ಗೆ ಯಾರೂ ಬರಾಕಿಲ್ಲ.’

ಅನಂತರಾಜು ಹೆಂಡತಿಯ ಮುಖ ನೋಡಿದ. ಬಾಯಿಬಿಟ್ಟು ಹೇಳಬೇಕಾದ ಗಳಿಗೆ ಯಾವುದಾದರೂ ಇದ್ದರೆ ಅದೇ: ಅಣ್ಣಾ, ಇವಳ ಕಣ್ಣು ಹೋಗ್ತಾ ಇದೆ, ನೀವು ಬಸ್ಸು ಹತ್ತಿ, ನಾವು ಬರೋದಿಲ್ಲ. ಹೇಳಿದ್ದರೆ ದೊಡ್ಡಮುನಿಯಪ್ಪ ಕೂಡ ಅತ್ತುಬಿಡುತ್ತಿದ್ದರೋ ಏನೋ, ಅವರೇನು ಕೆಟ್ಟವರಲ್ಲ. ಆದರೆ ಆಣೆ ಇತ್ತು, ಮಗಳ ಸಂಬಂಧ ಇತ್ತು.

‘ತಿರುಗಿಸ್ರೀ. ಸಮುದ್ರ ಎಲ್ಲಿಗೆ ಹೋಗ್ತದೆ,’ ಅಂದರು ಗಂಗರತ್ನಮ್ಮ.

ಇಷ್ಟೆಲ್ಲ ಮಾಡಿ ಕೋಗಿಲು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ನೀವು ದೂರ ಇದ್ರಿ, ಕಾಯೋಕಾಗಲಿಲ್ಲ ಅಂದರು. ನಾನು ಅವತ್ತು ಅನಂತರಾಜು ಮೇಲೆ ಕೂಗಾಡಿದೆ. ಸತ್ತವರಿಗೆ ಇನ್ನೇನು ಆಗಬೇಕಿತ್ತು, ಬದುಕಿದವರ ಕಣ್ಣು ಯಾರಿಗಾಗಿ ಕಾಯುತ್ತದೆ ಅಂತ ಕೇಳಿದೆ. ಅವನು ತಲೆ ತಗ್ಗಿಸಿಕೊಂಡು ಗಾಡಿಯೊಳಗಿನ ಕಸ ಗುಡಿಸುತ್ತಿದ್ದ. ನನಗೆ ಈಗಲೂ ಆ ಸಿಟ್ಟು ಆರಿಲ್ಲ.

ಸಂಬಂಧ ಕುದುರಿತು. ಮದುವೆ ಮನೆಯೆಂದರೆ ಕೇಳಬೇಕೆ, ಕೆಳಗಿನ ಮನೆಯಲ್ಲಿ ಮೂರು ಹೊತ್ತೂ ಜನ. ಗಂಗರತ್ನಮ್ಮ ಇಂಜೆಕ್ಷನ್ನಿಗೆ ಹೋಗುವುದನ್ನು ನಿಲ್ಲಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರೆ ನೆಂಟರೆಲ್ಲ ಕೇಳುತ್ತಾರೆ, ಇದೊಂದು ಕಳೆಯಲಿ, ಈಗ ಚೆನ್ನಾಗೇ ಕಾಣುತ್ತಿದೆ ಅಂದರು. ಅನಂತರಾಜು ನಂಬಿದ. ನಂಬದೆ ಏನು ಮಾಡುತ್ತಾನೆ? ಅವರು ಎಡವಲಿಲ್ಲ, ಸಾರಿಗೆ ಉಪ್ಪು ಹೆಚ್ಚು ಮಾಡಲಿಲ್ಲ. ಅಷ್ಟು ವರ್ಷ ಓಡಾಡಿದ ಮನೆಯಲ್ಲಿ ಕೈಗೇ ಎಲ್ಲ ಗೊತ್ತಿರುತ್ತದೆ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಯಲಹಂಕದ ಛತ್ರದಲ್ಲಿ ಮದುವೆ ಸಾಂಗವಾಗಿ ನಡೆಯಿತು. ಅಪ್ಪ ಮಗಳ ಕೈ ಹಿಡಿದ, ಅಮ್ಮ ಧಾರೆಯ ನೀರು ಬಿಟ್ಟರು, ಎಲ್ಲರೂ ಅಕ್ಷತೆ ಹಾಕಿ ಊಟಕ್ಕೆ ಓಡಿದೆವು.

ಬೀಗರ ಔತಣ ಕಳೆದು, ನೆಂಟರೆಲ್ಲ ಚದುರಿದ ಮೇಲೆ ಒಂದು ಬೆಳಗ್ಗೆ ಅನಂತರಾಜು ಮೇಲೆ ಬಂದು ಮನೆ ಬೀಗದ ಕೈ ನನ್ನ ಕೈಗಿಟ್ಟ.

‘ಯಾರಿಗೂ ಹೇಳಿಲ್ಲ ಮೇಷ್ಟ್ರೇ. ಅಣ್ಣಂಗೂ ಇಲ್ಲ.’

ನನಗೆ ಅವನನ್ನು ಎತ್ತಿಕೊಂಡು ಕುಣಿಯುವಷ್ಟು ಖುಷಿಯಾಯಿತು. ‘ಹೊಂಡ್ರಿ ಮೊದಲ, ಅವರು ಎದ್ದಗಿದ್ದಾರು,’ ಅಂದೆ. ಗಂಗರತ್ನಮ್ಮ ಹಸಿರು ಬಳೆ ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ಮನೆಗಾಡಿ ಕೋಗಿಲು ಕ್ರಾಸಿನ ಕಡೆ ತಿರುಗುವವರೆಗೂ ನಾನು ಮಹಡಿಯಿಂದ ಕೈ ಬೀಸಿದೆ.

ಇಲ್ಲಿಂದ ಮುಂದಿನದು ಅನಂತರಾಜು ವಾಪಸು ಬಂದ ಮೇಲೆ, ಅದೇ ಗಾಡಿಯ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದ್ದು.

ದಾರಿಯುದ್ದಕ್ಕೂ ಅವರು ಮಾತಾಡುತ್ತಲೇ ಇದ್ದರಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ಹೆಂಡತಿ ಇಷ್ಟು ಮಾತಾಡುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಇದು ಯಾವ ಊರು, ಬೋರ್ಡಿನಲ್ಲಿ ಏನು ಬರೆದಿದೆ, ಎಡಗಡೆ ಏನಿದೆ, ಯಾವ ಬೆಳೆ ಹಾಕಿದ್ದಾರೆ ಅಂತ ಕೇಳುವುದು, ಇವನು ಹೇಳುವುದು. ನೋಡುವ ಉಮೇದು ಅಂತ ತಿಳಿದು ಇವನೂ ಉಮೇದಿನಿಂದ ಹೇಳಿದ. ಹಾಸನದ ಹತ್ತಿರ ಮರದ ನೆರಳಿಗೆ ನಿಲ್ಲಿಸಿ ಅವನೇ ಉಪ್ಪಿಟ್ಟು ಮಾಡಿದ. ಗಂಟು ಗಂಟಾಗಿದ್ದರೂ ಅವರು ಎರಡು ಸಲ ಹಾಕಿಸಿಕೊಂಡರು. ಸೊಂಟ ನೇರ ಮಾಡಿಕೊಳ್ಳಲು ಮಂಚದ ಮೇಲೆ ಒರಗಿ, ‘ಎಷ್ಟು ಸುಖವಾಗಿದೆ ಕಣ್ರೀ’ ಅಂದರು. ಈ ಮಾತು ಹೇಳುವಾಗ ಅನಂತರಾಜು ಮುಖದಲ್ಲಿ ನಗು ಬಂತು, ಬಂದು ಅಲ್ಲೇ ನಿಂತಿತು.

ಮರವಂತೆಯಲ್ಲಿ ರಸ್ತೆಯ ಮಗ್ಗುಲಿಗೇ ಸಮುದ್ರ. ಅಡಿಗೆ ಕಟ್ಟೆಯ ಕಿಟಕಿ ನೀರಿನ ಕಡೆ ಬರುವ ಹಾಗೆ ಗಾಡಿ ನಿಲ್ಲಿಸಿ, ‘ಬಾರೇ, ಬಂತು’ ಅಂತ ಕೈ ಹಿಡಿದು ಕರೆದ. ಒಳ್ಳೆ ಬಿಸಿಲಿತ್ತು. ಅವರು ಕಿಟಕಿಯ ಮುಂದೆ ನಿಂತು, ‘ಅಬ್ಬಾ, ಏನ್ ನೀರು!’ ಅಂದರು. ಇವನಿಗೆ ಜನ್ಮ ಸಾರ್ಥಕವಾದಂತಾಯಿತು. ಇಬ್ಬರೂ ಮರಳಿಗಿಳಿದರು. ಅಲೆ ಬಂದು ಪಾದ ಮುಟ್ಟಿದಾಗ ಅವರು ಕೂಗಿಕೊಂಡು ಇವನ ತೋಳು ಗಟ್ಟಿಯಾಗಿ ಹಿಡಿದರು, ನಕ್ಕರು. ಇವನು ತೋರಿಸುತ್ತಾ ಹೋದ: ಅಲ್ಲಿ ದೋಣಿ, ಅದರ ಮೇಲೆ ಬಾವುಟ, ಅಗೋ ಆಕಾಶ ನೀರಿಗೆ ಸೇರುವ ಗೆರೆ. ಅವರು ಎಲ್ಲಕ್ಕೂ ಹೂಂ ಅಂದರು.

ಆಮೇಲೆ ಕೇಳಿದರಂತೆ: ‘ರೀ, ಇಲ್ಲಿ ಯಾರಾದ್ರೂ ಇದಾರಾ?’

‘ದೂರದಲ್ಲಿ ಬಲೆ ಬಿಡಿಸೋರು ಇದಾರೆ.’

‘ನಮ್ಮೋರು?’

‘ನಮ್ಮೋರು ಎಲ್ಲಿಂದ ಬರ್ತಾರೇ? ಹೇಳ್ದೇ ಬಂದಿದೀವಲ್ಲ!’

ಅವರು ಹಿಡಿದ ತೋಳು ಬಿಡದೆ ಕೇಳಿದರು: ‘ನಯನಾದು ಧಾರೆ ಸೀರೆ ಯಾವ ಬಣ್ಣ ಇತ್ತು?’

‘ಧಾರೆ ಎರೆದೋಳು ನೀನು. ನನ್ನ ಕೇಳ್ತೀಯಾ?’

‘ನೀರು ಬಿಟ್ಟೆ. ಬಣ್ಣ ಕಾಣ್ಲಿಲ್ಲ. ಮಗು ಮುಖಾನೂ ಕಾಣ್ಲಿಲ್ಲ.’

ಅನಂತರಾಜು ತಿರುಗಿ ಅವರನ್ನು ನೋಡಿದ. ಕೇಳಲು ಧೈರ್ಯ ಸಾಲದೆ, ಕೈಯಿಂದ ನೀರಿನ ಕಡೆ ತೋರಿಸಿ, ಆ ಕೈಯೂ ಅವರಿಗೆ ಕಾಣುತ್ತಿಲ್ಲವೆಂದು ಆಗ ತಿಳಿದು, ‘ಇದು?’ ಅಂದ.

‘ಬೆಳ್ಳಗೆ ಬಿಸಿಲಿದೆ ಅಂತ ಗೊತ್ತಾಗ್ತದೆ. ಶಬ್ದ ಕೇಳ್ತದೆ. ದೊಡ್ಡದೇ ಇರ್ಬೇಕು.’

ಅವನಿಗೆ ಸಿಟ್ಟು ಬಂತಂತೆ, ಜೀವನದಲ್ಲಿ ಮೊದಲ ಸಲ ಹೆಂಡತಿಯ ಮೇಲೆ ಕೂಗಿದನಂತೆ. ಇಷ್ಟು ದಿನ ನಂಗೆ ಯಾಕೆ ಹೇಳ್ಲಿಲ್ಲ, ಬೇರೆಯವರಿಗೆ ಬೇಡ, ನಂಗೆ ಯಾಕೆ ಹೇಳ್ಲಿಲ್ಲ ಅಂತ.

‘ಯಾವಾಗ ಹೇಳ್ಲಿ?’ ಅಂದರು ಗಂಗರತ್ನಮ್ಮ. ‘ನಾವಿಬ್ರೇ ಯಾವತ್ತಿದ್ವಿ?’

ದೂರುವ ದನಿಯಲ್ಲಿ ಕೇಳಿದ್ದಲ್ಲವಂತೆ. ನಿಜವಾಗಿ ತಿಳಿಯಬೇಕಿತ್ತು ಅನ್ನುವ ಹಾಗೆ ಕೇಳಿ, ಅವನು ಏನು ಹೇಳುತ್ತಾನೋ ಅಂತ ಮುಖ ಅವನ ಕಡೆ ತಿರುಗಿಸಿಕೊಂಡು ಕಾದರಂತೆ.