ವಾರಂಟಿ ಇರುವ ಚಾವಣಿ

ಟಪ್ಪೆಂದು ಒಂದು ಹನಿ ಐರ್ಲೆಂಡಿನ ಎಂಜಿನಿಯರ್‌ನ ಬೋಳುತಲೆಯ ಮೇಲೆ ಬಿತ್ತು. ಹೊರಗೆ ಕುವೈತಿಗೆ ಅಪರೂಪಕ್ಕೆ ಬರುವ ಮಳೆ. ಸಾಲ್ಮಿಯಾದಲ್ಲಿ ನಮ್ಮ ಕಂಪನಿ ಕಟ್ಟಿದ ಅಪಾರ್ಟ್‌ಮೆಂಟನ್ನು ಪರಿಶೀಲಿಸಿ ಸಹಿ ಹಾಕಲು ಬಂದಿದ್ದ ಆತ, ಮೇಲಂತಸ್ತಿನ ಫ್ಲ್ಯಾಟಿನಲ್ಲಿ ಕೂತು ತನ್ನ ನಾಡಿನ ನ್ಯೂಗ್ರೇಂಜ್ ಎಂಬ ಕಲ್ಲುಗೋರಿಯ ಫೋಟೊ ತೋರಿಸುತ್ತಿದ್ದ. ಸಿಮೆಂಟಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ, ನೀರು ಹೊರಕ್ಕೆ ಹರಿಯಲು ಚಾವಣಿಯ ಕಲ್ಲುಗಳಲ್ಲೇ ಕಾಲುವೆ ಕೊರೆದಿದ್ದಾರಂತೆ. ವರ್ಷವಿಡೀ ಮಳೆ ಸುರಿಯುವ ಆ ನಾಡಿನಲ್ಲಿ ಐದು ಸಾವಿರ ವರ್ಷಗಳಿಂದ ಅದು ಸೋರಿಲ್ಲವಂತೆ.

ಆತ ತಲೆ ಒರೆಸಿಕೊಂಡು ಮೇಲೆ ನೋಡಿದ. ನಮ್ಮ ಮ್ಯಾನೇಜರ್ ಲ್ಯಾನ್ಸಿ ಸರ್ ಮಾತ್ರ ಒಂದಿಷ್ಟೂ ಅಳುಕಲಿಲ್ಲ. ಫಾಲ್ಸ್ ಸೀಲಿಂಗಿನ ಒದ್ದೆ ಟೈಲ್ ತೆಗೆಸಿ, ಆ ಜಾಗಕ್ಕೆ ಬೆಳ್ಳಗಿನ ಹೊಸದೊಂದನ್ನು ಹಾಕಿಸಿ, "ಖಲಾಸ್!" ಎಂದು ಕೈ ಕೊಡವಿದರು. ಎಲ್ಲಿ ಸೋರಿದರೂ ನಮ್ಮ ಕಂಪನಿಯಲ್ಲಿ ಇದೊಂದೇ ರಿಪೇರಿ. ಅದಕ್ಕೆಂದೇ ಶುವೈಖಿನ ಗೋದಾಮಿನಲ್ಲಿ ಟೈಲುಗಳ ರಾಶಿಯೇ ಇದೆ.

ನಾನು ಪಿಳಿಪಿಳಿ ನೋಡುತ್ತಿದ್ದುದನ್ನು ಕಂಡು ಅವರು ನನ್ನ ಕಿವಿಯಲ್ಲಿ ಹೇಳಿದರು: "ಅವನ ಗೋರಿಗೆ ವಾರಂಟಿ ಉಂಟಾ ಮಾರಾಯ? ನಮ್ಮದಕ್ಕೆ ಹತ್ತು ವರ್ಷದ್ದು ಉಂಟು!"

ಐರ್ಲೆಂಡಿನವನು ಸಹಿ ಹಾಕದೆ ಎದ್ದು ಹೋದ. ಮಳೆ ನಿಂತು ಬಿಸಿಲು ಬಂದ ಮೇಲೆ ಕಂಪನಿ ಇನ್ನೊಬ್ಬ ಎಂಜಿನಿಯರನ್ನು ಕರೆಸಿತು. ಒಣಗಿದ ಸೀಲಿಂಗ್ ನೋಡಿ ಆತ ಖುಷಿಯಿಂದ ಸಹಿ ಹಾಕಿದ.

ಆ ಮೇಲಂತಸ್ತಿನ ಫ್ಲ್ಯಾಟನ್ನು ಕಂಪನಿ ಈಗ ನನಗೇ ಕೊಟ್ಟಿದೆ. ಮೋಡ ಕವಿದರೆ ಹೆಂಡತಿ ಬಕೆಟ್ ಹುಡುಕುತ್ತಾಳೆ, ನಾನು ನ್ಯೂಗ್ರೇಂಜ್ ಕಟ್ಟಿದ ಆ ಕಲ್ಲುಕುಟಿಗರನ್ನು ನೆನೆಯುತ್ತೇನೆ. ಪಾಪ, ಅವರಿಗೆ ವಾರಂಟಿ ಕೊಡುವುದು ಗೊತ್ತಿರಲಿಲ್ಲ. ಹಾಗಾಗಿ ಸೋರದಂತೆ ಕಟ್ಟಬೇಕಾಯಿತು.